ಅಂಚೆ ಡಬ್ಬಿಯ ಮೇಲೆ ಅಪ್ಪನ ಹೆಸರು

ಡ್ರೆಸ್ಡನ್, ಜರ್ಮನಿ, 26 ಅಕ್ಟೋಬರ್ 2025, ಭಾನುವಾರ

ನಿನ್ನೆ ರಾತ್ರಿ ಮೂರು ಗಂಟೆಗೆ ಇಲ್ಲಿ ಗಡಿಯಾರವನ್ನು ಎರಡಕ್ಕೆ ತಿರುಗಿಸಿದರು. ಇನ್ನು ಮಾರ್ಚ್ ಕೊನೆಯವರೆಗೆ ಮನೆಗೂ ನನಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಮೊದಲು ಮೂರೂವರೆ ಇತ್ತು. ಒಂದು ಗಂಟೆ ತಾನೇ ಅಂದುಕೊಂಡಿದ್ದೆ. ಸಂಜೆ ಐದಕ್ಕೆ ಫೋನ್ ಮಾಡಿದರೆ ಅಮ್ಮ ಆಗಲೇ ಮಲಗಲು ಹೊರಟಿದ್ದಳು. ಇಲ್ಲಿ ಸೂರ್ಯನೂ ಮುಳುಗಿಯಾಗಿತ್ತು.

ಅಪ್ಪ ಫೋನ್ ತಗೊಂಡು ಕೇಳಿದ್ದು ಒಂದೇ. "ದುಡ್ಡು ಕೈಗೆ ಬಂತಾ ಪುಟ್ಟ?"

ಬಂದಿಲ್ಲ. ಇಲ್ಲಿ ಓದಲು ವೀಸಾ ಬೇಕೆಂದು ಬ್ಲಾಕ್ಡ್ ಅಕೌಂಟಿಗೆ, ಅಂದರೆ ಒಟ್ಟಿಗೆ ತೆಗೆಯಲಾಗದ ಖಾತೆಗೆ, 11,904 ಯೂರೋ ಕಟ್ಟಿಯೇ ಬಂದಿದ್ದೇನೆ. ಅಪ್ಪ ಮಾಡಿದ ಸಾಲ ಅದು. ಅದರಿಂದ ತಿಂಗಳಿಗೆ 992 ಯೂರೋ ಬಿಡುತ್ತಾರೆ, ಆದರೆ ಮೊದಲು ಇಲ್ಲೊಂದು ಬ್ಯಾಂಕ್ ಖಾತೆ ಬೇಕು. ನಾನು ಹೋದ ಬ್ಯಾಂಕಿನವರು ಅನ್‌ಮೆಲ್ಡುಂಗ್ ಆದ ಕಾಗದ ತನ್ನಿ ಅಂದರು. ಅಂದರೆ ಈ ವಿಳಾಸದಲ್ಲಿ ವಾಸವಿದ್ದೇನೆ ಅಂತ ನಗರದ ಕಚೇರಿಯಲ್ಲಿ ಹೆಸರು ಬರೆಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಬೇಕು. ಬಂದ ಎರಡು ವಾರದೊಳಗೆ ಇದೆಲ್ಲ ಆಗಬೇಕು ಅನ್ನುವುದು ಕಾನೂನು. ಸಹಿ ಕೊಡಲೇಬೇಕು ಅನ್ನುವುದೂ ಕಾನೂನೇ. ನಮ್ಮ ಮಾಲೀಕರು ಮೆಸೇಜ್ ನೋಡುತ್ತಾರೆ, ಉತ್ತರ ಮಾತ್ರ ಕೊಡುವುದಿಲ್ಲ.

"ಈ ವಾರ ಬರತ್ತೆ ಅಪ್ಪ" ಅಂದೆ. ಅವರು ಹೂಂ ಅಂದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಆಮೇಲೆ ರೂಮಿನಲ್ಲಿ ಕೂರಲು ಆಗಲಿಲ್ಲ. ಸುಮ್ನೆ ಮೆಟ್ಟಿಲಿಳಿದು ಬಂದೆ. ಕೆಳಗಿನ ಮನೆಯ ಅಜ್ಜಿ ಅಲ್ಲೇ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ಓದುವಾಗ ಇದು ಪೂರ್ವ ಜರ್ಮನಿ, ಶಾಲೆಯಲ್ಲಿ ರಷ್ಯನ್ ಕಲಿಸುತ್ತಿದ್ದರಂತೆ. ನನ್ನ ಅರ್ಧಂಬರ್ಧ ಜರ್ಮನ್‌ಗೆ ಅವರು ತಾಳ್ಮೆಯಿಂದ ಕಾಯುತ್ತಾರೆ. ಫ್ರೌಎನ್‌ಕಿರ್ಖೆ ನೋಡಿದೆಯಾ ಅಂತ ಕೇಳಿದರು. ನೋಡಿದ್ದೆ. 1945ರ ಬಾಂಬ್ ದಾಳಿಯಲ್ಲಿ ಕುಸಿದ ಚರ್ಚು, 2005ರಲ್ಲಿ ಮತ್ತೆ ತೆರೆಯಿತು. ಗೋಡೆಯಲ್ಲಿ ಕಪ್ಪು ಕಲ್ಲುಗಳು ಹಳೆಯವು, ತಿಳಿ ಬಣ್ಣದವು ಹೊಸವು. "ನಾನು ಹುಡುಗಿಯಾಗಿದ್ದಾಗ ಅಲ್ಲಿ ಬರೀ ಕಲ್ಲಿನ ರಾಶಿ" ಅಂದರು. ಅಷ್ಟೇ ಅಂದು ಅಂಚೆ ಡಬ್ಬಿಗಳ ಕಡೆ ತಿರುಗಿದರು.

"ನಿನ್ನ ಹೆಸರೆಲ್ಲಿ?"

ಇಲ್ಲಿ ಕಟ್ಟಡಕ್ಕೆ ನಂಬರ್ ಇದೆ, ಒಳಗಿನ ಒಂದೊಂದು ಮನೆಗೆ ಸಾಮಾನ್ಯವಾಗಿ ಇರುವುದಿಲ್ಲ. ಕಾಲಿಂಗ್ ಬೆಲ್ ಮೇಲೂ ಡಬ್ಬಿಯ ಮೇಲೂ ಹೆಸರೇ ಗುರುತು. ಹೆಸರಿಲ್ಲದಿದ್ದರೆ ಅಂಚೆಯವರು ಕಾಗದ ವಾಪಸ್ ಒಯ್ಯುತ್ತಾರೆ ಅಂದರು. ನನಗೆ ಧಸಕ್ಕೆಂದಿತು. ಇನ್ಶೂರೆನ್ಸ್ ಕಾರ್ಡು, ಟ್ಯಾಕ್ಸ್ ನಂಬರು, ಮುಂದೆ ಬ್ಯಾಂಕಿನ ಪಿನ್, ಎಲ್ಲ ಅಂಚೆಯಲ್ಲೇ ಬರಬೇಕು. ಕಾರ್ಡು ಆಗಲೇ ಬಂದು ಹೋಗಿದ್ದರೆ?

ಅಜ್ಜಿ ಒಳಗೆ ಹೋಗಿ ಚೀಟಿ, ಪೆನ್ನು, ಟೇಪು ತಂದರು. ಮನೆತನದ ಹೆಸರು ಹೇಳು ಅಂದರು. ನಮಗೆ ಅಡ್ಡಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಅಪ್ಪನ ಹೆಸರಿದೆ. ಕ್ಲಾಸಿನಲ್ಲೂ ನನ್ನನ್ನು ಹಾಗೇ ಕರೆಯುತ್ತಾರೆ, ಇನ್ನೂ ಎಷ್ಟೋ ಸಲ ತಿರುಗಿ ನೋಡುವುದೇ ಇಲ್ಲ ನಾನು. ಒಂದೊಂದೇ ಅಕ್ಷರ ಹೇಳಿದೆ. ಅವರು ಕನ್ನಡಕ ಮೂಗಿಗೆ ಇಳಿಸಿಕೊಂಡು ದಪ್ಪಗೆ ಬರೆದರು. ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಸರಿಯಾಗಿದೆಯಾ ಅಂತ ನನ್ನನ್ನೇ ಕೇಳಿದರು. ಕಣ್ಣು ತುಂಬಿ ಬಂತು. ಊರು ಬಿಟ್ಟ ದಿನವೂ ಅತ್ತಿರಲಿಲ್ಲ.

ಫೋಟೋ ತೆಗೆದಿದ್ದೇನೆ. ಅಪ್ಪನಿಗೆ ಕಳಿಸಿಲ್ಲ. ಕಳಿಸಿದರೆ ದುಡ್ಡಿನ ಮಾತು ಮತ್ತೆ ಬರುತ್ತದೆ.

ನಾಳೆ ಮಾಲೀಕರಿಗೆ ಫೋನೇ ಮಾಡುತ್ತೇನೆ. ಸಹಿ ಕೊಡದಿದ್ದರೆ ಅದನ್ನೂ ಕಚೇರಿಗೆ ತಿಳಿಸಬೇಕು ಅಂತ ನಿಯಮವಿದೆ. ಅಲ್ಲಿ ಹೋಗಿ ಹೇಳುವುದೇನೋ ಸರಿ. ಆದರೆ ಹೇಳಿದ ಮೇಲೆ ಈ ರೂಮು ಉಳಿಯುತ್ತದಾ? ಚಳಿ ಶುರುವಾಗುವ ಹೊತ್ತಿಗೆ ಮತ್ತೆ ರೂಮು ಹುಡುಕುವುದು ಅಂದರೆ, ಅದೂ ಕೈಯಲ್ಲಿ ಈಗ ಇರುವಷ್ಟು ದುಡ್ಡಿನಲ್ಲಿ...