ಫ್ಲಾರೆನ್ಸ್‌ನಿಂದ ಒಂದು ದಿನಕ್ಕೆ ಎಷ್ಟು ಬೆಟ್ಟದೂರು?

ಇಟಲಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಫ್ಲಾರೆನ್ಸ್‌ನಲ್ಲಿದ್ದೇನೆ, ಕಾರಿಲ್ಲ. ಸಾನ್ ಜಿಮಿನ್ಯಾನೊ, ವೊಲ್ತೆರ್ರಾ, ಸಿಯೆನಾ ಮೂರನ್ನೂ ಒಂದೇ ದಿನದಲ್ಲಿ ನೋಡಿಕೊಂಡು ಬರಬಹುದಾ?”

ಆಗುವುದಿಲ್ಲ. ಎರಡು ಊರು ಆಗುತ್ತದೆ, ಅದೂ ಎರಡಕ್ಕೂ ಒಂದೇ ರೈಲು ಹಾದಿಯಿಂದ ಹೋಗುವಂತಿದ್ದರೆ. ಅವೆರಡರಲ್ಲಿ ಯಾವುದು ಮೊದಲು ಎಂಬುದೇ ದಿನದ ಹಣೆಬರಹವನ್ನು ಬರೆಯುತ್ತದೆ. ಬಸ್ಸು ಹಿಡಿದು ಹೋಗಬೇಕಾದ ಊರನ್ನು ಬೆಳಿಗ್ಗೆ ಮುಗಿಸಿ, ರೈಲು ನಿಲ್ಲುವ ಊರನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ನಾನು ಎಲ್ಲರಿಗೂ ಹೇಳುವುದು ಇದನ್ನೇ.

ಕಾರಣ ಆ ಊರುಗಳು ಕೂತಿರುವ ಜಾಗದಲ್ಲಿದೆ. ಶತ್ರುಗಳ ಭಯ ಒಂದು ಕಡೆ, ಕಣಿವೆಯ ಜೌಗಿನ ಮಲೇರಿಯಾ ಇನ್ನೊಂದು ಕಡೆ; ಹಾಗಾಗಿ ಹಿಂದಿನವರು ಗುಡ್ಡದ ನೆತ್ತಿಯಲ್ಲಿ ಕೋಟೆ ಕಟ್ಟಿಕೊಂಡು ಬದುಕಿದರು. 19ನೇ ಶತಮಾನದಲ್ಲಿ ಬಂದ ರೈಲು ಗುಡ್ಡ ಹತ್ತಲಿಲ್ಲ, ಕಣಿವೆಯಲ್ಲೇ ಹಾದುಹೋಯಿತು. ಸ್ಟೇಷನ್ನಿಗೆ ಊರಿನ ಹೆಸರಿಟ್ಟರೂ ಊರು ಮೇಲೆಯೇ ಉಳಿಯಿತು. ‘ಪೊಜ್ಜಿಬೋನ್ಸಿ–ಸಾನ್ ಜಿಮಿನ್ಯಾನೊ’ ಎಂಬ ಬೋರ್ಡು ನೋಡಿ ಇಳಿದವರಿಗೆ ಸಾನ್ ಜಿಮಿನ್ಯಾನೊ ಇನ್ನೂ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ. ವೊಲ್ತೆರ್ರಾದ ಹೆಸರು ಹೊತ್ತ ‘ವೊಲ್ತೆರ್ರಾ ಸಲೀನೆ–ಪೊಮರಾನ್ಚೆ’ ಸ್ಟೇಷನ್ನೂ, ಮೊಂತೆಪುಲ್ಚಾನೊ ಸ್ಟೇಷನ್ನೂ ಇದೇ ರೀತಿ. ಟಿಕೆಟ್ ಕೊಳ್ಳುವ ಮೊದಲು ಸ್ಟೇಷನ್ನಿನಿಂದ ಕೋಟೆ ಬಾಗಿಲಿಗೆ ಎಷ್ಟು ದೂರ ಎಂದು ಮ್ಯಾಪಿನಲ್ಲಿ ಅಳೆದು ನೋಡಿ.

ಆ ಕೊನೆಯ ಕೆಲವು ಕಿಲೋಮೀಟರಿಗೆ ಇರುವುದು ಬಸ್ಸು. ಅದರ ಸಮಯ ಗೊತ್ತುಮಾಡಿರುವುದು ಪ್ರವಾಸಿಗರಿಗಾಗಿ ಅಲ್ಲ, ಶಾಲೆಗೆ ಹೋಗುವ ಮಕ್ಕಳಿಗೆ, ಕೆಲಸಕ್ಕೆ ಹೋಗುವವರಿಗೆ. ವೇಳಾಪಟ್ಟಿಯಲ್ಲಿ ಮೂರು ಪದಗಳನ್ನು ಗುರುತಿಸಲು ಬಂದರೆ ಸಾಕು. ‘ಫೆರಿಯಾಲೆ’ ಎಂದರೆ ಸೋಮವಾರದಿಂದ ಶನಿವಾರದವರೆಗೆ. ‘ಫೆಸ್ತಿವೊ’ ಎಂದರೆ ಭಾನುವಾರ ಮತ್ತು ಸರ್ಕಾರಿ ರಜಾದಿನ. ‘ಸ್ಕೊಲಾಸ್ತಿಕೊ’ ಎಂದರೆ ಶಾಲೆ ನಡೆಯುವ ದಿನ ಮಾತ್ರ. ಇಟಾಲಿಯನ್ ಕಲಿಯಲು ಶುರುಮಾಡಿದವರೇ ಮೊದಲ ಪದದಲ್ಲಿ ಎಡವುತ್ತಾರೆ: ‘ಫೆರಿಯೆ’ ಎಂದರೆ ರಜೆ ಎಂದು ಕಲಿತಿರುತ್ತಾರೆ, ಹಾಗಾಗಿ ‘ಫೆರಿಯಾಲೆ’ಯನ್ನೂ ರಜಾದಿನದ ಬಸ್ಸೆಂದು ಓದಿಕೊಳ್ಳುತ್ತಾರೆ. ಅರ್ಥ ಪೂರ್ತಿ ತಿರುಗಾಮುರುಗಾ. ಏಪ್ರಿಲ್ 25, ಜೂನ್ 2, ಆಗಸ್ಟ್ 15, ನವೆಂಬರ್ 1, ಡಿಸೆಂಬರ್ 8 ವಾರದ ಮಧ್ಯೆ ಬಂದರೂ ಫೆಸ್ತಿವೊ ಎಂದೇ ಲೆಕ್ಕ. ಮೇ 1 ಮತ್ತು ಡಿಸೆಂಬರ್ 25ರಂದು ಹಲವೆಡೆ ಬಸ್ಸೇ ಓಡುವುದಿಲ್ಲ. ಆ ಎರಡು ದಿನ ಬೆಟ್ಟದೂರಿನ ಯೋಚನೆಯೇ ಬೇಡ.

ಈಗ ನಾನು ಸೂಚಿಸುವ ದಿನ. ಬೆಳಿಗ್ಗೆ ಎಂಟರ ಆಸುಪಾಸಿಗೆ ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿನಿಂದ ಸಿಯೆನಾ ಕಡೆಯ ರೀಜನಲ್ ರೈಲು ಹಿಡಿಯಿರಿ. ಕೆಲವು ರೈಲು ನೇರ ಹೋಗುತ್ತವೆ, ಕೆಲವಕ್ಕೆ ಎಂಪೊಲಿಯಲ್ಲಿ ಬದಲಿಸಬೇಕು. ರೀಜನಲ್ ರೈಲಿನ ದರ ಯಾವತ್ತೂ ಒಂದೇ, ತಿಂಗಳ ಮೊದಲೇ ಕೊಂಡರೂ ಕಾಸು ಉಳಿಯುವುದಿಲ್ಲ. ಕಾಗದದ ಟಿಕೆಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮೊಬೈಲಿನ ಟಿಕೆಟಾದರೆ ಹತ್ತುವ ಮೊದಲು ಅದರಲ್ಲೇ ಚೆಕ್-ಇನ್ ಮಾಡಬೇಕು. ದುಡ್ಡು ಕೊಟ್ಟು ಟಿಕೆಟ್ ಕೊಂಡೂ ದಂಡ ಕಟ್ಟುವವರು ಬಹುಮಟ್ಟಿಗೆ ಈ ಒಂದು ಹೆಜ್ಜೆ ಮರೆತವರು.

ಸುಮಾರು ಒಂದು ಗಂಟೆಗೆ ಪೊಜ್ಜಿಬೋನ್ಸಿ. ಅಲ್ಲಿ ಇಳಿದ ಕೂಡಲೇ ಎರಡು ಕೆಲಸ. ಮೊದಲನೆಯದು, ಬಸ್ ಟಿಕೆಟನ್ನು ಹೋಗಿಬರುವುದಕ್ಕೆ ಎರಡೂ ಒಟ್ಟಿಗೇ ಕೊಳ್ಳುವುದು. ‘T’ ಫಲಕವಿರುವ ತಬಾಕ್ಕಿ, ಅಂದರೆ ಸಿಗರೇಟು ತಂಬಾಕಿನ ಅಂಗಡಿಗಳಲ್ಲಿ ಟಿಕೆಟ್ ಸಿಗುತ್ತದೆ, ಬಸ್ ಕಂಪನಿಯ ಆ್ಯಪಿನಲ್ಲೂ ಸಿಗುತ್ತದೆ. ವಾಪಸು ಬರುವಾಗ ಮೇಲಿನ ಅಂಗಡಿ ಮಧ್ಯಾಹ್ನದ ಬಿಡುವಿಗೆ ಬಾಗಿಲು ಹಾಕಿದ್ದರೆ ಕಷ್ಟ. ಎರಡನೆಯದು, ಸ್ಟೇಷನ್ನಿನ ಮುಂದೆ ಬರುವ 130ನೇ ನಂಬರಿನ ಬಸ್ಸಿನ ಬೋರ್ಡು ಓದುವುದು. ಅದೇ ನಂಬರಿನ ಬಸ್ಸು ಸಿಯೆನಾ ಕಡೆಗೂ ಓಡುತ್ತದೆ. ಬಸ್ಸು ಕಂಡಾಗ ಕೈ ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ನಿಲ್ಲಿಸದೆ ಹೋಗಬಹುದು. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಪೋರ್ತಾ ಸಾನ್ ಜೊವಾನ್ನಿ ಬಾಗಿಲಿನ ಬಳಿ ಇಳಿಸುತ್ತದೆ. ಇಳಿದ ತಕ್ಷಣ ವಾಪಸಿನ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟು ಬೇಗ ಹೋಗಿ ಎನ್ನುವುದಕ್ಕೂ ಕಾರಣವಿದೆ. ಟೂರ್ ಬಸ್ಸುಗಳು ಬಂದು ಜನ ತುಂಬುವ ಮೊದಲು ಚಿಸ್ತೆರ್ನಾ ಚೌಕದ ಬಾವಿಕಟ್ಟೆಯ ಹತ್ತಿರ ನಿಂತು ಸುತ್ತಲೂ ಕಣ್ಣಾಡಿಸಿದರೆ ಈ ಊರು ಅರ್ಥವಾಗುತ್ತದೆ. ಇಲ್ಲಿನ ಸಿರಿವಂತ ಮನೆತನಗಳು ಪೈಪೋಟಿಗೆ ಬಿದ್ದು ಒಮ್ಮೆ 72 ಗೋಪುರ ಎಬ್ಬಿಸಿದ್ದವು ಎನ್ನುತ್ತಾರೆ, ಉಳಿದಿರುವುದು 14. 1348ರ ಪ್ಲೇಗಿನಲ್ಲಿ ಊರು ಬರಿದಾಯಿತು, 1353ರಲ್ಲಿ ಫ್ಲಾರೆನ್ಸ್‌ನ ಕೈಕೆಳಗೆ ಬಂತು. ಆಮೇಲೆ ಕೆಡವಿ ಹೊಸದು ಕಟ್ಟುವಷ್ಟು ಹಣ ಯಾರಲ್ಲೂ ಇರಲಿಲ್ಲ, ಹಳೆಯದು ಹಾಗೇ ಉಳಿಯಿತು. ಬಡತನ ಕಾಪಾಡಿದ ಈ ಊರನ್ನು ಯುನೆಸ್ಕೊ 1990ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 54 ಮೀಟರಿನ ತೋರ್ರೆ ಗ್ರೋಸ್ಸಾ ಗೋಪುರ ಹತ್ತಲು ಟಿಕೆಟ್ ಬೇಕು. ಒಂದಕ್ಕೇ ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. ಊರಿನ ಇನ್ನೊಂದು ತುದಿಯ ಸಾಂತ್ ಅಗೊಸ್ತೀನೊ ಚರ್ಚನ್ನು ಹೆಚ್ಚಿನವರು ನೋಡದೆ ಹಿಂದಿರುಗುತ್ತಾರೆ. ಬೆನೊಝ್ಝೊ ಗೊಝ್ಝೊಲಿ ಬರೆದ ಸಂತ ಅಗಸ್ಟೀನನ ಜೀವನದ 17 ಭಿತ್ತಿಚಿತ್ರಗಳು ಅಲ್ಲಿವೆ. ಮಧ್ಯಾಹ್ನ ಚರ್ಚುಗಳ ಬಾಗಿಲು ಮುಚ್ಚುತ್ತದೆ, ಆದ್ದರಿಂದ ಮೊದಲು ಅಲ್ಲಿಗೆ ಹೋಗಿ, ಗೋಪುರ ಆಮೇಲೆ.

ಊಟದ ವಿಷಯದಲ್ಲಿ ನಮ್ಮವರಿಗೆ ನಿಜವಾದ ತೊಡಕಿದೆ. ಸಣ್ಣ ಊರಿನ ಹೋಟೆಲುಗಳಲ್ಲಿ ಅಡುಗೆಮನೆ ನಡೆಯುವುದು ಸುಮಾರಾಗಿ ಹನ್ನೆರಡೂವರೆಯಿಂದ ಎರಡೂವರೆವರೆಗೆ. ಮೂರಕ್ಕೆ ಹೋದವರಿಗೆ ಕಾಫಿ ಸಿಕ್ಕೀತು, ಊಟ ಸಿಗದು. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಇಷ್ಟು ಎಂದು ಹಾಕಿರುತ್ತಾರೆ. ಅದು ಮೋಸವಲ್ಲ, ಮೇಜಿನ ಬಾಬ್ತು. ಸಸ್ಯಾಹಾರಿಗಳು ‘ಸೆಂತ್ಸಾ ಕಾರ್ನೆ’, ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿದರೆ ಸಾಲದು. ಮೀನು ಬೇಡ, ‘ಬ್ರೋದೊ ದಿ ಕಾರ್ನೆ’ ಅಂದರೆ ಮಾಂಸದ ಸಾರು ಬೇಡ ಎಂದೂ ಬಿಡಿಸಿ ಹೇಳಬೇಕು, ಏಕೆಂದರೆ ಹುರುಳಿಕಾಯಿ ಬೀಜ, ಸೊಪ್ಪು, ಬ್ರೆಡ್ಡಿನ ರಿಬೊಲ್ಲೀತಾ ಸೂಪನ್ನೂ ಕೆಲವರು ಆ ಸಾರಿನಲ್ಲೇ ಬೇಯಿಸುತ್ತಾರೆ. ‘ಚಿಂಗ್ಯಾಲೆ’ ಎಂದು ಬರೆದಿದ್ದರೆ ಕಾಡುಹಂದಿ. ಬೆಳ್ಳುಳ್ಳಿ ಟೊಮೆಟೊ ಸಾಸಿನ ‘ಪೀಚಿ ಅಲ್ ಅಲ್ಯೋನೆ’ ಪಾಸ್ತಾ ಕೇಳಿ, ಚೀಸ್ ಬೇಡ ಎನ್ನಿ; ಪಾರ್ಮಿಜಾನೊ ಚೀಸ್ ಮಾಡಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು. ನನ್ನನ್ನು ಕೇಳಿದರೆ ಬುತ್ತಿಯೇ ವಾಸಿ. ಫ್ಲಾರೆನ್ಸ್‌ನ ಬೇಕರಿಯಲ್ಲಿ ಬೆಳಿಗ್ಗೆ ಆಲಿವ್ ಎಣ್ಣೆಯ ಸ್ಕ್ಯಾಚಾತಾ ರೊಟ್ಟಿ ಕಟ್ಟಿಸಿಕೊಂಡು, ಊರಿನ ಮೇಲ್ತುದಿಯ ರೊಕ್ಕಾ ಕೋಟೆಯ ಆಲಿವ್ ಮರಗಳ ನಡುವೆ ಕೂತು ತಿನ್ನಿ. ನಲ್ಲಿಯ ಮೇಲೆ ‘ನೊನ್ ಪೊತಾಬಿಲೆ’ ಎಂದಿದ್ದರೆ ಆ ನೀರು ಕುಡಿಯಬೇಡಿ.

ಒಂದು ಒಂದೂವರೆಗೆ ಬಸ್ಸಿನಲ್ಲಿ ಪೊಜ್ಜಿಬೋನ್ಸಿಗೆ ಇಳಿದರೆ ಬಸ್ಸಿನ ಚಿಂತೆ ಅಲ್ಲಿಗೆ ಮುಗಿಯಿತು. ಎಂಪೊಲಿ ಕಡೆಗೆ ರೈಲಿನಲ್ಲಿ ಹತ್ತು ನಿಮಿಷ ಹೋದರೆ ಚೆರ್ತಾಲ್ದೊ. ಸ್ಟೇಷನ್ನಿನಿಂದ ಐದಾರು ನಿಮಿಷ ನಡೆದರೆ ಹಳೆ ಊರಿಗೆ ಏರುವ ಹಳಿಬಂಡಿ, ಫುನಿಕೊಲಾರೆ. ಅದು ರಿಪೇರಿಯಲ್ಲಿದ್ದರೆ ಏರುಹಾದಿಯಲ್ಲಿ ನಡೆದೇ ಹೋಗಬಹುದು. ಮೇಲೆ ಇಡೀ ಊರು ಕೆಂಪು ಇಟ್ಟಿಗೆಯದು. ಕಥೆಗಾರ ಬೊಕ್ಕಾಚೊ 1375ರಲ್ಲಿ ತೀರಿಕೊಂಡದ್ದು ಇಲ್ಲೇ. ಅವನದೆಂದು ತೋರಿಸುವ ಮನೆ ಎರಡನೇ ಮಹಾಯುದ್ಧದ ಬಾಂಬಿಗೆ ಕುಸಿದ ಮೇಲೆ ಮತ್ತೆ ಕಟ್ಟಿದ್ದು. ಈ ಊರಿನ ಲಾಂಛನದಲ್ಲಿ ಈರುಳ್ಳಿ ಇದೆ, ಇಲ್ಲಿನ ಈರುಳ್ಳಿ ಅಷ್ಟು ಹೆಸರುವಾಸಿ. ಒಂದು ರೈಲು ತಪ್ಪಿದರೆ ಕಾಯಲು ಇನ್ನೊಂದಿದೆ, ಹಾಗಾಗಿ ಇಲ್ಲಿ ಗಡಿಯಾರ ನೋಡದೆ ಅಡ್ಡಾಡಬಹುದು. ಇದೇ ಎರಡು ಊರನ್ನು ತಿರುಗಿಸಿ ಹಾಕಿಕೊಂಡವರು ಸಂಜೆಯೆಲ್ಲ ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೆ.

ವೊಲ್ತೆರ್ರಾಕ್ಕೆ ಕೊಲ್ಲೆ ದಿ ವಾಲ್ ದೆಲ್ಸಾದಲ್ಲಿ ಬಸ್ಸು ಬದಲಿಸಬೇಕು, ಅದಕ್ಕೆ ಬೇರೆಯೇ ಒಂದು ದಿನ ಕೊಡಿ. ಸಿಯೆನಾಕ್ಕೂ ಬೇರೆಯೇ ಒಂದು ದಿನ ಬೇಕು.

‘ಶೋಪೆರೊ’ ಎಂದರೆ ಮುಷ್ಕರ, ಅದನ್ನು ಮೊದಲೇ ಪ್ರಕಟಿಸುತ್ತಾರೆ. ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಗೊತ್ತಾದ ರೀಜನಲ್ ರೈಲುಗಳು ಓಡುತ್ತವೆ. ಬಸ್ಸಿನ ಲೆಕ್ಕ ಬೇರೆ, ಅದನ್ನು ನಂಬಿ ಹೊರಡಬೇಡಿ.

ಭಾನುವಾರ ಬಿಟ್ಟರೆ ಬಿಡುವಿಲ್ಲ ಎನ್ನುವವರು ದೂರದ ಬಸ್ಸು ಹಿಡಿಯಬೇಕಾದ ಊರನ್ನು ಪೂರ್ತಿ ಕೈಬಿಡಿ. ರೋಮಿನಲ್ಲಿ ಓದುವವರಿಗೆ ಓರ್ವಿಯೆತೊ ಇದೆ: ಸ್ಟೇಷನ್ನಿನ ಎದುರಿನಿಂದಲೇ ಫುನಿಕೊಲಾರೆ, ಅದು ಮೇಲೆ ಇಳಿಸುವ ಜಾಗದ ಪಕ್ಕದಲ್ಲೇ 16ನೇ ಶತಮಾನದ ಸಾನ್ ಪತ್ರೀತ್ಸಿಯೊ ಬಾವಿ. ಇಳಿಯುವ ಕತ್ತೆ ಹತ್ತುವ ಕತ್ತೆಗೆ ಎದುರಾಗದಂತೆ ಎರಡು ಸುರುಳಿ ಮೆಟ್ಟಿಲು, ಒಂದೊಂದರಲ್ಲಿ 248 ಮೆಟ್ಟಿಲು. ಅಲ್ಲಿಂದ ಚಿವಿತಾ ದಿ ಬಾನ್ಯೊರೇಜೊಗೆ ಹೋಗುವ ಆಸೆಯನ್ನು ವಾರದ ದಿನಕ್ಕೆ ಇಟ್ಟುಕೊಳ್ಳಿ, ಭಾನುವಾರ ಓರ್ವಿಯೆತೊದಿಂದ ಆ ಬಸ್ಸಿಲ್ಲ. ಪೆರೂಜಾದಲ್ಲಿ ಭಾಷೆ ಕಲಿಯುವವರು ಬೆಳಿಗ್ಗೆ ಅಸ್ಸೀಸಿ ನೋಡಿ ಅದೇ ಹಳಿಯ ಮೇಲೆ ಹತ್ತು ನಿಮಿಷ ಮುಂದಿರುವ ಸ್ಪೆಲ್ಲೊಗೆ ಹೋಗಲಿ. ಅಸ್ಸೀಸಿಯ ಸ್ಟೇಷನ್ ಊರಿನ ಕೆಳಗೆ ಮೂರು ನಾಲ್ಕು ಕಿಲೋಮೀಟರ್ ದೂರ, ಸಿಟಿ ಬಸ್ಸು ಬೇಕಾಗುತ್ತದೆ. ಸ್ಪೆಲ್ಲೊದಲ್ಲಿ ಸ್ಟೇಷನ್ನಿನಿಂದ ರೋಮನ್ನರ ಕಾಲದ ಪೋರ್ತಾ ಕೊನ್ಸೊಲಾರೆ ಬಾಗಿಲಿಗೆ ನಡೆದೇ ಹೋಗಬಹುದು.