ಬಾಯ್ಲರ್ ಕೆಟ್ಟ ಬುಧವಾರ

ಚರ್ಚಿನ ಅಡುಗೆಮನೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಲೆಂಟ್, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಕಾಲ; ಅದರ ಬುಧವಾರಗಳು ಒಂದರ ಕೆಳಗೊಂದು. ಪ್ರತಿಯೊಂದರ ಎದುರಿಗೂ ಒಂದು ಖಾಲಿ ಗೆರೆ. ಯಾವ ಬುಧವಾರ ಯಾರು ಸೂಪ್ ಮಾಡುತ್ತಾರೋ ಅವರು ಅಲ್ಲಿ ಹೆಸರು ಬರೆಯಬೇಕು. ಎರಡು ಭಾನುವಾರ ಆ ಹಾಳೆಯ ಮುಂದೆ ನಿಂತು ನಾನು ಸುಮ್ನೆ ವಾಪಸ್ ಬಂದಿದ್ದೆ. ಮೂರನೇ ಭಾನುವಾರ ನೋಡಿದರೆ ಒಂದೇ ಗೆರೆ ಖಾಲಿ ಉಳಿದಿತ್ತು. ಬರೆದೇಬಿಟ್ಟೆ.

ಇದು ಪಿಟ್ಸ್‌ಬರ್ಗ್‌ನ ಮಾತು. ನಮ್ಮ ಕಡೆಯವರಿಗೆ ಪಿಟ್ಸ್‌ಬರ್ಗ್ ಅಂದರೆ ಮೊದಲು ನೆನಪಾಗುವುದು ಗುಡ್ಡದ ಮೇಲಿನ ವೆಂಕಟೇಶ್ವರ ದೇವಸ್ಥಾನ. ಆದರೆ ಈ ಊರಲ್ಲಿ ಪ್ರೆಸ್ಬಿಟೀರಿಯನ್ ಅನ್ನುವ ಪ್ರೊಟೆಸ್ಟಂಟ್ ಪಂಥದ ಚರ್ಚುಗಳೂ ಜಾಸ್ತಿ, ನಮ್ಮದೂ ಅದೇ. ಸ್ಕಾಟ್ಲೆಂಡ್ ಮೂಲದ ಜನ, ಅದರಲ್ಲೂ ಉತ್ತರ ಐರ್ಲೆಂಡ್‌ನಲ್ಲಿ ನೆಲೆಸಿದ್ದವರು, 18ನೇ ಶತಮಾನದಲ್ಲೇ ಈ ಸೀಮೆಗೆ ಬಂದಿದ್ದರು. ತಮ್ಮ ಸಭೆಯನ್ನೂ ಜೊತೆಗೇ ತಂದರು. ಮಕ್ಕಳ ಟಿವಿ ಕಾರ್ಯಕ್ರಮದಿಂದ ಇಡೀ ಅಮೆರಿಕಕ್ಕೆ ಬೇಕಾದವರಾದ ಫ್ರೆಡ್ ರೋಜರ್ಸ್ ಕೂಡ ಈ ಸೀಮೆಯವರೇ. 1963ರಲ್ಲಿ ಪ್ರೆಸ್ಬಿಟೀರಿಯನ್ ಪಾದ್ರಿಯಾಗಿ ದೀಕ್ಷೆ ಪಡೆದವರು. ಲೆಂಟ್ ಬಂತೆಂದರೆ ಊರಿನ ಗಾಳಿಯೇ ಬೇರೆ. ಶುಕ್ರವಾರ ಸಂಜೆ ಕ್ಯಾಥೊಲಿಕ್ ಚರ್ಚುಗಳಲ್ಲಿ, ಅಗ್ನಿಶಾಮಕ ದಳದ ಹಾಲ್‌ಗಳಲ್ಲಿ ಕರಿದ ಮೀನಿನ ಊಟ, ರಸ್ತೆಯವರೆಗೂ ಸಾಲು. ನಮ್ಮ ಚರ್ಚಿನಲ್ಲಿ ಬುಧವಾರ ಸಂಜೆ ಸೂಪ್ ಮತ್ತು ಬ್ರೆಡ್. ಆಮೇಲೆ ಸ್ವಲ್ಪ ಓದು, ಪ್ರಾರ್ಥನೆ.

ನಾನು ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್‌ನಿಂದ ಬೆಳೆದ ಕ್ರೈಸ್ತ ಸಭೆಯಲ್ಲಿ. ನಮ್ಮ ಮನೆಯಲ್ಲಿ ಈ ನಲವತ್ತು ದಿನ ಅಂದರೆ ಬಿಡುವ ದಿನಗಳು. ಅಪ್ಪ ಚಹಾ ಬಿಡುತ್ತಿದ್ದರು. ಅವ್ವ ಹೊಸ ಬಟ್ಟೆ ತರುತ್ತಿರಲಿಲ್ಲ. ಶುಭ ಶುಕ್ರವಾರ ಮಧ್ಯಾಹ್ನ ಮೂರು ತಾಸಿನ ಆರಾಧನೆ, ಶಿಲುಬೆಯ ಮೇಲಿನ ಏಳು ಮಾತುಗಳು. ಅದು ಮುಗಿಸಿ ಮನೆಗೆ ಬಂದ ಮೇಲೆ ಅಜ್ಜಿ ಬಡಿಸುತ್ತಿದ್ದ ಜೋಳದ ನುಚ್ಚು, ಮಜ್ಜಿಗೆ. ಬಿಸಿಲಲ್ಲಿ ಬಂದ ಹೊಟ್ಟೆಗೆ ಅದರಷ್ಟು ತಂಪು ಇನ್ನೊಂದಿಲ್ಲ.

ಆ ವರ್ಷ ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮಣ್ಣಿಗೆ ನಾನು ಮುಟ್ಟಲಿಲ್ಲ. ಮರುದಿನ ಮುಟ್ಟಿದೆ. ಅದಕ್ಕೇ ಇರಬೇಕು, ಆ ಹಾಳೆಯ ಮುಂದೆ ಕೈ ಏಳದಿದ್ದದ್ದು. ಏನನ್ನಾದರೂ ಬಿಡು ಅಂದಿದ್ದರೆ ಬಿಡುತ್ತಿದ್ದೆ. ಮೂವತ್ತೈದು ಜನರ ನಡುವೆ ನಿಂತು ಬಡಿಸು ಅಂದರೆ ಕಷ್ಟ ಅನಿಸಿತ್ತು.

ಹೆಸರು ಬರೆದಾದ ಮೇಲೆ ಅವ್ವನಿಗೆ ಫೋನ್ ಮಾಡಿ ಬೇಳೆಯ ಲೆಕ್ಕ ಕೇಳಿದೆ.

"ಎರಡ್ ಕಿಲೋ ತೊಗರಿಬ್ಯಾಳಿ ಸಾಕವಾ," ಅಂದಳು. "ಹುಣಸೀಹಣ್ಣು ಮಾತ್ರ ಕಡಿಮಿ ಹಾಕು. ಅವರಿಗೆ ಹುಳಿ ಒಗ್ಗೂದಿಲ್ಲ."

ಮನ್ರೋವಿಲ್‌ನ ಇಂಡಿಯನ್ ಅಂಗಡಿಯಿಂದ ಬೇಳೆ ತಂದೆ. ಬ್ಯಾಡಗಿ ಮೆಣಸಿನಕಾಯಿ ಮನೆಯಲ್ಲೇ ಇತ್ತು. ಬಣ್ಣ ಬರುತ್ತದೆ, ಖಾರ ಅಷ್ಟಿರುವುದಿಲ್ಲ. ಬುಧವಾರ ರಜೆ ಹಾಕಿ ಬೆಳಿಗ್ಗೆಯೇ ಬೇಳೆ ಬೇಯಿಸಿಟ್ಟೆ. ಮೂರು ಗಂಟೆಗೆ ಎರಡು ದೊಡ್ಡ ಪಾತ್ರೆ ಕಾರಿನ ಹಿಂದೆ ಇಟ್ಟು, ಮುಚ್ಚಳ ಜಾರದಂತೆ ಹಳೇ ಸೀರೆಯಿಂದ ಕಟ್ಟಿಕೊಂಡು ಹೊರಟೆ. ಮಾರ್ಚ್ ಅರ್ಧ ದಾಟಿದ್ದರೂ ಚಳಿ ಬಿಟ್ಟಿರಲಿಲ್ಲ.

ಚರ್ಚಿನ ನೆಲಮಾಳಿಗೆಗೆ ಇಳಿದರೆ ಹೊರಗಿಗಿಂತ ಒಳಗೇ ಚಳಿ ಜಾಸ್ತಿ. ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತ್ತು. ರಿಪೇರಿಯವರು ನಾಳೆ ಬೆಳಿಗ್ಗೆ ಬರುತ್ತಾರಂತೆ.

ಊಟದ ಹಾಲ್ ದೊಡ್ಡದು. ಮಡಿಸುವ ಮೇಜುಗಳು, ಕಬ್ಬಿಣದ ಕುರ್ಚಿಗಳು, ಮೂಲೆಯಲ್ಲೊಂದು ಪಿಯಾನೊ. ಆ ಕುರ್ಚಿ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಬರುವವರಲ್ಲಿ ಅರ್ಧಕ್ಕರ್ಧ ಎಪ್ಪತ್ತು ದಾಟಿದವರು. ಇವತ್ತಿನದು ರದ್ದು ಮಾಡೋಣವಾ ಅನ್ನುವ ಮಾತು ಬಂತು.

ನಮ್ಮ ಪಾಸ್ಟರ್ ಹೆಂಗಸು, ನನ್ನ ವಯಸ್ಸಿನವರೇ. ಅವರು ತಾವೊಬ್ಬರೇ ತೀರ್ಮಾನ ಮಾಡಲಿಲ್ಲ. ಹಿರಿಯರಲ್ಲಿ ಇಬ್ಬರಿಗೆ ಫೋನ್ ಹಚ್ಚಿದರು. ಪ್ರೆಸ್ಬಿಟೀರಿಯನ್ ಅನ್ನುವ ಹೆಸರಿನ ಒಳಗೇ ಇದು ಇದೆ. ಪ್ರೆಸ್ಬಿಟರ್ ಅಂದರೆ ಗ್ರೀಕ್ ಭಾಷೆಯಲ್ಲಿ ಹಿರಿಯ. ಇಲ್ಲಿ ಬಿಷಪ್ ಇಲ್ಲ. ಸಭೆಯ ಜನ ಆರಿಸಿದ ಹಿರಿಯರು, ಪಾಸ್ಟರ್ ಜೊತೆ ಕೂತು ಸಭೆಯನ್ನು ನಡೆಸುತ್ತಾರೆ. ಬಜೆಟ್ಟಿನಿಂದ ಹಿಡಿದು ಬಾಯ್ಲರ್‌ವರೆಗೆ.

ಫೋನ್ ಇನ್ನೂ ನಡೆದಿತ್ತು. ಅಷ್ಟರಲ್ಲಿ ಅಜ್ಜಿ ಬಂದರು.

ಅಜ್ಜಿ ಅಂದರೆ ನಮ್ಮ ಚರ್ಚಿನ ಡೀಕನ್. ಕಾಯಿಲೆಯವರನ್ನು, ಮನೆಬಿಟ್ಟು ಬರಲಾಗದವರನ್ನು ನೋಡಿಕೊಳ್ಳುವುದು ಡೀಕನ್‌ಗಳ ಕೆಲಸ. ಆಗ ಅವರಿಗೆ ಎಂಬತ್ತನಾಲ್ಕು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಅವರನ್ನು ಹಾಗೆ ಕರೆಯಲು ಮೊದಲ ದಿನದಿಂದಲೂ ನಾಲಿಗೆ ಏಳಲಿಲ್ಲ. ನಮ್ಮ ಭಾಷೆಯಲ್ಲಿ ಅಜ್ಜಿ ಅನ್ನುತ್ತೇವೆ, ಹಾಗೇ ಕರೆಯಲಾ ಅಂತ ಕೇಳಿದ್ದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಅಡುಗೆಮನೆಯವರೆಲ್ಲ ಈಗ ಅಜ್ಜಿ ಅಂತಲೇ ಕರೆಯುತ್ತಾರೆ.

ಅಜ್ಜಿ ಕೋಟು ಬಿಚ್ಚಲಿಲ್ಲ. ನೇರ ಅಡುಗೆಮನೆಗೆ ಹೋಗಿ ಗ್ಯಾಸ್ ಒಲೆಯ ಆರೂ ಬರ್ನರ್ ಹಚ್ಚಿದರು. ಒಲೆ ಉರಿಯುವಾಗ ಓಡಲೇಬೇಕಾದ ಫ್ಯಾನ್ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲೇ ಉಣ್ಣೋಣ, ಬಾ, ಪಾತ್ರೆ ಇಡು," ಅಂದರು.

ಆರು ಗಂಟೆಗೆ ಜನ ಬಂದರು. ಇಪ್ಪತ್ತೆಂಟು ಜನ. ಆ ಅಡುಗೆಮನೆ ಆರೇಳು ಜನ ಕೆಲಸ ಮಾಡಲಿಕ್ಕೆ ಕಟ್ಟಿದ್ದು. ನಡುವೆ ಉದ್ದದ ಸ್ಟೀಲ್ ಮೇಜು. ಅದರ ಸುತ್ತ ಹಿರಿಯರಿಗೆ ಸ್ಟೂಲು, ಕುರ್ಚಿ. ಉಳಿದವರು ಗೋಡೆಗೆ, ಫ್ರಿಜ್ಜಿಗೆ, ಸಿಂಕಿಗೆ ಒರಗಿ ನಿಂತರು. ಮಕ್ಕಳು ಮೇಜಿನ ಕೆಳಗೆ ಕೂತರು. ಹಾಲ್‌ನಲ್ಲಾದರೆ ಪ್ರತಿ ಬುಧವಾರ ಅವರವರು ಅವರವರ ಮೇಜಿಗೇ ಹೋಗುತ್ತಿದ್ದರು. ನಾನೂ ಅಷ್ಟೇ, ಬಾಗಿಲ ಹತ್ತಿರದ ಮೇಜು ಹಿಡಿದು ಬೇಗ ಎದ್ದು ಬರುತ್ತಿದ್ದೆ. ಅವತ್ತು ಬಾಗಿಲು ಕಾಣಿಸುತ್ತಲೇ ಇರಲಿಲ್ಲ.

ಒಗ್ಗರಣೆಯನ್ನು ಅಲ್ಲೇ ಹಾಕಬೇಕೆಂದು ಉಳಿಸಿಕೊಂಡಿದ್ದೆ. ಚಿಕ್ಕ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಹಾಕಿದೆ. ಮೊದಲ ಒಂದೆರಡು ಕಾಳು ಚಟ್ ಅಂದಾಗ ಒಬ್ಬಿಬ್ಬರು ತಿರುಗಿದರು. ಆಮೇಲೆ ಎಲ್ಲ ಒಟ್ಟಿಗೆ ಸಿಡಿಯತೊಡಗಿದಾಗ ಇಡೀ ಅಡುಗೆಮನೆ ಮಾತು ನಿಲ್ಲಿಸಿ ಬಾಣಲೆಯನ್ನೇ ನೋಡಿತು. ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಮುರಿದ ಬ್ಯಾಡಗಿ, ಕೊನೆಗೆ ಕರಿಬೇವು. ಅದನ್ನು ಸಾರಿನ ಮೇಲೆ ಸುರಿದಾಗ ಎದ್ದ ಚೊಯ್ಯ್ ಶಬ್ದಕ್ಕೆ ಮೇಜಿನ ಕೆಳಗಿನಿಂದ ಒಂದು ಹುಡುಗ ತಲೆ ಹೊರಗೆ ಹಾಕಿ, "ಇನ್ನೊಂದು ಸಲ ಮಾಡಿ" ಅಂದ. ಇನ್ನೊಂದು ಪಾತ್ರೆ ಇತ್ತಲ್ಲ. ಅವನನ್ನು ಹತ್ತಿರ ನಿಲ್ಲಿಸಿಕೊಂಡು ಮಾಡಿದೆ.

ಅಜ್ಜಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕುಡಿಯುವ ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಅವರ ಬೆರಳ ಗಂಟುಗಳು ಊದಿ ಸೊಟ್ಟಗಾಗಿವೆ. ಬಟ್ಟಲಿನ ಬಿಸಿಗೆ ಆ ಬೆರಳುಗಳು ನಿಧಾನ ಸಡಿಲವಾಗುವುದು ನನಗೆ ಕಾಣುತ್ತಿತ್ತು. ಆಮೇಲೆ ಒಂದು ಗುಟುಕು ಕುಡಿದು, ಬಟ್ಟಲಿನ ತಳದ ಬೇಳೆಯನ್ನು ಬ್ರೆಡ್ಡಿನಿಂದ ಬಳಿದು ತಿಂದರು. ಅಪ್ಪ ರೊಟ್ಟಿಯಲ್ಲಿ ಹಾಗೇ ಬಳಿಯುತ್ತಿದ್ದರು.

ಊಟದ ನಡುವೆ ಯಾರೋ ಅಜ್ಜಿಯನ್ನು ಕೇಳಿದರು, ನೀವು ಚಿಕ್ಕವರಿದ್ದಾಗ ಲೆಂಟ್‌ಗೆ ಏನು ಬಿಡುತ್ತಿದ್ದಿರಿ ಅಂತ. ಏನೂ ಇಲ್ಲ, ಅಂದರು ಅಜ್ಜಿ. ಅವರ ತಾಯಿಯ ಕಡೆಯವರು ಸ್ಕಾಟ್ಲೆಂಡ್ ಮೂಲದವರು. ಹಣೆಗೆ ಬೂದಿ, ನಲವತ್ತು ದಿನದ ಉಪವಾಸ ಇವೆಲ್ಲ ಕ್ಯಾಥೊಲಿಕರದು, ನಮ್ಮದಲ್ಲ ಅಂತ ತಾಯಿ ಖಡಕ್ಕಾಗಿ ಹೇಳುತ್ತಿದ್ದರಂತೆ. ಅಜ್ಜಿ ಮೊದಲ ಸಲ ಹಣೆಗೆ ಬೂದಿ ಹಚ್ಚಿಸಿಕೊಂಡಾಗ ಅವರಿಗೆ ಐವತ್ತು ದಾಟಿತ್ತು.

ನನಗೆ ಇದು ಹೊಸದು. ಆಗ ಪಾಸ್ಟರ್ 1522ರ ಕಥೆ ಹೇಳಿದರು. ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ಊರು, ಲೆಂಟ್ ಕಾಲ. ಕ್ರಿಸ್ಟೊಫ್ ಫ್ರೋಶೌವರ್ ಅನ್ನುವ ಮುದ್ರಕನ ಮನೆಯಲ್ಲಿ ಕೆಲವರು ಕೂತು ಸಾಸೇಜ್ ತಿಂದರು. ಆ ದಿನಗಳಲ್ಲಿ ಮಾಂಸ ತಿನ್ನುವಂತಿಲ್ಲ. ದೊಡ್ಡ ಗಲಾಟೆ ಆಯಿತು. ನನ್ನ ಕೆಲಸದವರು ಹಗಲು ರಾತ್ರಿ ದುಡಿಯುತ್ತಿದ್ದಾರೆ, ಗಂಜಿ ಕುಡಿದು ದುಡಿಯಲಾಗದು ಅಂದ ಫ್ರೋಶೌವರ್. ಅಲ್ಲೇ ಇದ್ದೂ ತಾನು ತಿನ್ನದಿದ್ದ ಪಾದ್ರಿ ಜ್ವಿಂಗ್ಲಿ, ತಿಂದವರ ಪರವಾಗಿ ಉಪದೇಶ ಮಾಡಿದ. ಉಪವಾಸ ಮಾಡಬೇಕೆನ್ನುವವರು ಮಾಡಲಿ, ಇನ್ನೊಬ್ಬರ ಮೇಲೆ ಹೇರಬೇಡಿ ಅಂದ. ಪ್ರೆಸ್ಬಿಟೀರಿಯನ್ನರು ಆ ಬಳ್ಳಿಯವರು. ಸ್ಕಾಟ್ಲೆಂಡಿನಲ್ಲಿ ಚರ್ಚ್ ಸುಧಾರಕ ಜಾನ್ ನಾಕ್ಸ್ ಕಾಲದಲ್ಲಿ, 1560ರಿಂದ, ಇಂಥ ದಿನಗಳನ್ನೇ ಪಂಚಾಂಗದಿಂದ ತೆಗೆದರು. ಲೆಂಟ್ ಮತ್ತೆ ಹತ್ತಿರ ಬಂದದ್ದು 20ನೇ ಶತಮಾನದಲ್ಲಿ. ಪ್ರೆಸ್ಬಿಟೀರಿಯನ್ನರ 1993ರ ಆರಾಧನಾ ಪುಸ್ತಕದಲ್ಲಿ ಬೂದಿ ಬುಧವಾರದ, ಅಂದರೆ ಹಣೆಗೆ ಬೂದಿ ಹಚ್ಚಿ ಲೆಂಟ್ ಶುರುಮಾಡುವ ದಿನದ, ಕ್ರಮವೇ ಇದೆ.

ನಾನು ಸೌಟು ಹಿಡಿದುಕೊಂಡೇ ಹೇಳಿದೆ: ಜ್ಯೂರಿಕ್‌ನಿಂದ ಬಾಸೆಲ್‌ಗೆ ರೈಲಿನಲ್ಲಿ ಒಂದು ತಾಸು. ಆ ಬಾಸೆಲ್‌ನಿಂದಲೇ 1834ರಲ್ಲಿ ಮಂಗಳೂರಿಗೆ ಮಿಷನರಿಗಳು ಬಂದರು. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಆಮೇಲೆ ನಮ್ಮೂರು. ನಮ್ಮ ಭಾಷೆಯ ದೊಡ್ಡ ನಿಘಂಟು ಮಾಡಿದವರೂ ಅವರಲ್ಲೇ ಒಬ್ಬರು, ಕಿಟೆಲ್, 1894ರಲ್ಲಿ. ನಾನು ಎಷ್ಟೋ ತಿಂಗಳಿಂದ ಈ ಸಭೆಗೆ ಬರುತ್ತಿದ್ದೆ. ಅಷ್ಟೊಂದು ಮಾತಾಡಿದ್ದು ಅವತ್ತೇ.

ಬಾಸೆಲ್‌ನಿಂದ ಬೆಟಗೇರಿಗೆ, ಸ್ಕಾಟ್ಲೆಂಡ್‌ನಿಂದ ಪಿಟ್ಸ್‌ಬರ್ಗ್‌ಗೆ. ಒಂದೇ ಮನೆಯಿಂದ ಬೇರೆ ಬೇರೆ ದಿಕ್ಕಿಗೆ ಹೋದ ದಾಯಾದಿಗಳು ಒಂದು ಒಲೆಯ ಮುಂದೆ ಸಿಕ್ಕ ಹಾಗೆ ಅನಿಸಿತು ನನಗೆ.

ಬರುವ ದಿನಗಳ ಕೆಲಸ ಹಂಚಿದ್ದೂ ಅಲ್ಲೇ. ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದುವಾಗ ಎಲ್ಲರೂ ಕೇಳಿಸಿಕೊಂಡು ಕೂತಿರುತ್ತಾರೆ. ಇಲ್ಲಿ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಮಕ್ಕಳು ರಟ್ಟಿನ ಮೀನಿನ ಆಕಾರದ ಡಬ್ಬಿಯಲ್ಲಿ ಚಿಲ್ಲರೆ ಕೂಡಿಸುತ್ತಿದ್ದರು. 1949ರಿಂದ ನಡೆದು ಬಂದ ಕಾಣಿಕೆ ಅದು. ನೆರೆ, ಭೂಕಂಪಕ್ಕೆ ಸಿಕ್ಕವರಿಗೆ, ಹಸಿದವರಿಗೆ ಹೋಗುತ್ತದೆ. ಅದನ್ನು ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಒಂದು ವಾರ ಮುಂಚೆ, ತರಬೇಕು. ಆ ವಾರದ ಗುರುವಾರ ರಾತ್ರಿ ಯೇಸುವಿನ ಕೊನೆಯ ಊಟದ ನೆನಪಿನ ಕರ್ತನ ಭೋಜನ. ಆಮೇಲೆ ಒಂದೊಂದು ಓದಿಗೂ ಒಂದೊಂದು ಮೇಣದಬತ್ತಿ ಆರಿಸಿ, ಕತ್ತಲಲ್ಲಿ ಮಾತಿಲ್ಲದೆ ಹೊರಗೆ ಹೋಗುವುದು. ಬತ್ತಿ ಆರಿಸಲು ಆ ಒಗ್ಗರಣೆ ಹುಡುಗ ಕೈ ಎತ್ತಿದ. ಶುಕ್ರವಾರ ಪಕ್ಕದ ಮೆಥೊಡಿಸ್ಟ್, ಲೂಥರನ್ ಸಭೆಗಳ ಜೊತೆ. ಈಸ್ಟರ್ ಬೆಳಗಿನ ಜಾವ ಗುಡ್ಡದ ಮೇಲೆ ಆರಾಧನೆ, ಕಾಫಿ ಯಾರು ತರುತ್ತೀರಿ? ನಮ್ಮಲ್ಲಾದರೆ ಆ ಹೊತ್ತಿಗೆ ಸ್ಮಶಾನಕ್ಕೆ ಹೋಗುತ್ತೇವೆ, ಗೋರಿಗಳ ಮೇಲೆ ಮೇಣದಬತ್ತಿ ಹಚ್ಚಿಟ್ಟು ಹಾಡುತ್ತೇವೆ ಅಂದೆ. ಅಪ್ಪನ ವಿಷಯ ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಯಾರೂ ಏನೂ ಅನ್ನಲಿಲ್ಲ. ಸಿಂಕಿಗೆ ಒರಗಿದ್ದ ಒಬ್ಬರು ನನ್ನ ಕೈಯಿಂದ ಸೌಟು ತೆಗೆದುಕೊಂಡು ಬಡಿಸತೊಡಗಿದರು. ಅಜ್ಜಿ ತಮ್ಮ ಪಕ್ಕದ ಸ್ಟೂಲು ಎಳೆದು ನನ್ನನ್ನು ಕೂರಿಸಿದರು. ನನ್ನ ಪಾಲಿನ ಸಾರು ನನಗೆ ಸಿಕ್ಕಿದ್ದು ಆಗ.

ಎಲ್ಲ ತೊಳೆದು ಒರೆಸಿದ ಮೇಲೆ ಅಜ್ಜಿ ಚೀಲದಿಂದ ಇನ್ನೊಂದು ಹಾಳೆ ತೆಗೆದರು. ಈಸ್ಟರ್ ಲಿಲ್ಲಿಗಳ ಪಟ್ಟಿ. ಹಬ್ಬದ ದಿನ ಕರ್ತನ ಭೋಜನದ ಮೇಜಿನ ಸುತ್ತ ಲಿಲ್ಲಿ ಕುಂಡಗಳನ್ನು ಜೋಡಿಸುತ್ತಾರೆ. ಒಂದೊಂದು ಕುಂಡವೂ ಒಬ್ಬೊಬ್ಬರ ನೆನಪಿಗೆ. ಹೆಸರುಗಳು ಅವತ್ತಿನ ಆರಾಧನೆಯ ಹಾಳೆಯಲ್ಲಿ ಅಚ್ಚಾಗುತ್ತವೆ. ಅಜ್ಜಿಯ ಗಂಡನ ಹೆಸರು ಪಟ್ಟಿಯಲ್ಲಿ ಮೊದಲೇ ಇತ್ತು.

"ನಿನ್ನ ತಂದೆಯ ಹೆಸರು ಹೇಳು," ಅಂದರು. "ನಿಧಾನ ಹೇಳು. ನಾನು ತಪ್ಪು ಬರೆಯಬಾರದು."

ಹೇಳಿದೆ. ಅವರು ಬರೆದರು, ಗಟ್ಟಿಯಾಗಿ ಓದಿದರು. ಒಂದು ಅಕ್ಷರ ತಪ್ಪಿತ್ತು. ಅಡ್ಡಗೆರೆ ಎಳೆದು ಮತ್ತೆ ಬರೆದರು. ಮೂರನೇ ಸಲಕ್ಕೆ ಬೆಟಗೇರಿಯಲ್ಲಿ ಕರೆದ ಹಾಗೇ ಬಂತು.

ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಊರಲ್ಲಿ ಬೆಳಿಗ್ಗೆ ಆರೂವರೆ. ಅವ್ವ ಎದ್ದಿರುತ್ತಾಳೆ ಅಂತ ಫೋನ್ ಮಾಡಿದೆ.

"ಸಾರು ಉಳೀತೇನ?"

"ಒಂದು ಸೌಟೂ ಉಳೀಲಿಲ್ಲವ್ವಾ."

ಬಾಯ್ಲರ್ ವಿಷಯ ಹೇಳಿದೆ, ಅಜ್ಜಿ ವಿಷಯ ಹೇಳಿದೆ. ಹೂವಿನ ಪಟ್ಟಿಯ ವಿಷಯ ಹೇಳುವಾಗ ಅವ್ವ ನಡುವೆ ಮಾತಾಡಲಿಲ್ಲ. ಹಿಂದೆ ನಲ್ಲಿ ನೀರು ಕೊಡಕ್ಕೆ ಬೀಳುವ ಸದ್ದು ಕೇಳುತ್ತಿತ್ತು.

"ಎಂಥಾ ಹೂವದು?" ಅಂದಳು ಆಮೇಲೆ.

"ಬಿಳೇದು. ತುತ್ತೂರಿ ಇದ್ದಂಗ ಇರ್ತದ."

"ಹಬ್ಬ ಆದಮ್ಯಾಲೆ ಒಣಗಿಸಿ ಒಗೀತಾರೇನು?"

"ಇಲ್ಲವ್ವಾ, ಕುಂಡದಾಗಿನ ಗಿಡ. ಬೇಕಂದ್ರ ಮನೀಗೆ ತರಬಹುದು. ಹಿತ್ತಲದಾಗ ಹಚ್ಚಿದ್ರ ಮುಂದಿನ ವರ್ಷ ಮತ್ತ ಬಿಡ್ತದಂತ."

"ಹಂಗಾರ ತಂದು ಹಚ್ಚು," ಅಂದಳು ಅವ್ವ.