ಹತ್ತುವಾಗಲೂ ಬಿಸಿಯಾಗುವ ಬ್ರೇಕು: ಒಂದು ಎಂಜಿಬಿಯ ದಿನಚರಿ

11 ಜನವರಿ 2025, ಶನಿವಾರ

ಗಾಡಿ: ಬ್ರಿಟನ್ನಿನ ತೆರೆದ ಸ್ಪೋರ್ಟ್ಸ್ ಕಾರು, 1965ರ ಎಂಜಿಬಿ ರೋಡ್‌ಸ್ಟರ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಒಂದೇ ಸರ್ಕ್ಯೂಟು (ನಾಲ್ಕೂ ಚಕ್ರಕ್ಕೆ ಒಂದೇ ದ್ರವದ ಜಾಲ), ಸರ್ವೋ (ಪೆಡಲ್ ಬಲ ಹೆಚ್ಚಿಸುವ ಸಾಧನ) ಇಲ್ಲ. ದೂರು: ಮುಂದಿನ ಬಲಚಕ್ರದಿಂದ ಸುಟ್ಟ ವಾಸನೆ. ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ನ್ಯೂಟ್ರಲ್‌ನಲ್ಲಿ ಬಿಟ್ಟರೂ ಗಾಡಿ ಉರುಳುವುದಿಲ್ಲ. ಗಾಡಿಯ ಜೊತೆಗೆ ಬಂದ ಸಲಹೆ: "ಕ್ಯಾಲಿಪರ್ ಹೋಗಿದೆ, ಎರಡೂ ಬದಲಾಯಿಸಿ."

ಇರಬಹುದು. ಆದರೆ ಬ್ರೇಕ್ ಬೈಂಡ್ ಆದಾಗ (ಕಾಲು ತೆಗೆದರೂ ಬಿಡದಿದ್ದಾಗ) ಮೊದಲು ಬಿಚ್ಚುವುದು ಕ್ಯಾಲಿಪರ್ (ಪಿಸ್ಟನ್ನಿನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಕೊನೆಗೆ ತಪ್ಪು ಸಿಗುವುದು ಬೇರೆಲ್ಲೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬಿಸಿಯಾಗಿ ಹಿಡಿದುಕೊಂಡಿರುವ ಗಾಡಿ ತಾನೇ ಉತ್ತರ ಹೇಳುತ್ತದೆ. ತಣ್ಣಗಾದ ಮೇಲೆ ಬಿಚ್ಚಿದರೆ ಆ ಉತ್ತರ ಹೋಗಿಬಿಡುತ್ತದೆ. ಹಾಗಾಗಿ ಇವತ್ತು ಏನನ್ನೂ ಬಿಚ್ಚಲಿಲ್ಲ.

ಪರೀಕ್ಷೆಗೆ ನಂದಿ ಬೆಟ್ಟದ ಏರು. ಇಳಿಯುವಾಗ ಯಾವ ಬ್ರೇಕಾದರೂ ಬಿಸಿಯಾಗುತ್ತದೆ, ಅದರಿಂದ ಏನೂ ತಿಳಿಯದು. ಏರಿನಲ್ಲಿ ಪೆಡಲ್ ಮುಟ್ಟುವ ಕೆಲಸವೇ ಕಡಿಮೆ. ಹತ್ತುತ್ತಾ ಬಿಸಿಯಾಯಿತು ಅಂದರೆ ಅದು ಬಿಡದ ಬ್ರೇಕು, ಅನುಮಾನವೇ ಬೇಡ.

ಉಷ್ಣತೆ ಅಳೆಯಲು ಇನ್‌ಫ್ರಾರೆಡ್ ಗನ್. ಹೊಳೆಯುವ ಡಿಸ್ಕಿನ ಮೇಲೆ ಈ ಗನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನುಣುಪು ಲೋಹ ಸುತ್ತಲಿನದನ್ನು ಪ್ರತಿಫಲಿಸುತ್ತದೆಯೇ ಹೊರತು ತನ್ನ ಶಾಖವನ್ನು ಸರಿಯಾಗಿ ಹೊರಬಿಡುವುದಿಲ್ಲ. ಅದಕ್ಕೆ ಎರಡೂ ಡಿಸ್ಕಿನಲ್ಲಿ ಪ್ಯಾಡ್ ತಾಗದ ನಡುಭಾಗಕ್ಕೆ ಶಾಖ ತಡೆಯುವ ಮ್ಯಾಟ್ ಕಪ್ಪು ಬಣ್ಣದ ಒಂದೊಂದು ಬೊಟ್ಟು ಇಟ್ಟು ಅಲ್ಲೇ ಅಳೆದದ್ದು. ತಂತಿ ಚಕ್ರವಾದ್ದರಿಂದ ಕಳಚದೆಯೇ ಗುರಿ ಹಿಡಿಯಬಹುದು. ಮೇಲೆ ತಲುಪಿದಾಗ: ಮುಂದಿನ ಎಡ 62 ಡಿಗ್ರಿ, ಮುಂದಿನ ಬಲ 171. ಹಿಂದಿನ ಡ್ರಮ್ಮುಗಳು 41, 43. ಒಂದೊಂದರ ಅಂಕಿಯನ್ನು ನಂಬಬೇಕಾಗಿಲ್ಲ, ಎಡಬಲದ ಅಂತರವನ್ನು ನೋಡಿದರೆ ಸಾಕು.

ಇನ್ನೊಂದು ಅನುಮಾನವನ್ನು ಅಲ್ಲೇ ಕಳೆದದ್ದಾಯಿತು: ಬೇರಿಂಗ್. ಎಂಜಿಬಿಯ ಮುಂದಿನ ಹಬ್ಬಿನಲ್ಲಿ (ಚಕ್ರದ ನಡುಭಾಗದಲ್ಲಿ) ಎರಡು ಬೇರಿಂಗ್‌ಗಳ ನಡುವೆ ಒಂದು ಸ್ಪೇಸರ್, ಅದರ ಜೊತೆಗೆ ಅಂತರ ಸರಿಹೊಂದಿಸುವ ತೆಳು ಶಿಮ್‌ಗಳು ಇರುತ್ತವೆ. ಉದ್ದಕ್ಕೆ ಆಟ 0.05ರಿಂದ 0.10 ಮಿ.ಮೀ. ಇರಬೇಕು. ಶಿಮ್ ಏಕೆಂದು ಗೊತ್ತಿಲ್ಲದವರು ಅದನ್ನು ಎಸೆದು ನಟ್ಟನ್ನು ಬಿಗಿದುಬಿಡುತ್ತಾರೆ. ಆಮೇಲೆ ಬೇರಿಂಗ್ ಸುಡುತ್ತದೆ, ಬೈಗುಳ ಬ್ರೇಕಿಗೆ. ಬೇರಿಂಗ್ ತಪ್ಪಾಗಿದ್ದರೆ ಹಬ್ಬು ಡಿಸ್ಕಿಗಿಂತ ಬಿಸಿ ಇರಬೇಕಿತ್ತು. ಇಲ್ಲಿ ಡಿಸ್ಕೇ ಬಿಸಿ.

ಬಿಸಿ ಡಿಸ್ಕಿಗೆ ನೀರು ಎರಚಬಾರದು, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬಾರದು. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡುವುದು.

12 ಜನವರಿ, ಭಾನುವಾರ

ಬೆಳಿಗ್ಗೆ ಮತ್ತೆ ಹದಿನೈದು ಕಿಲೋಮೀಟರ್ ಓಡಿಸಿ, ಬಿಸಿ ಇರುವಾಗಲೇ ಮುಂಭಾಗವನ್ನು ಎತ್ತಿ ಸ್ಟ್ಯಾಂಡ್ ಕೊಟ್ಟದ್ದು. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕುವುದು ಬೇಡ. ಬಲಚಕ್ರ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರೂ ಅಲುಗದು. ಎಡಚಕ್ರ ಸ್ವಲ್ಪ ಉಜ್ಜುತ್ತಾ ತಿರುಗುತ್ತದೆ.

ಪ್ರಶ್ನೆ ಒಂದೇ: ಕ್ಯಾಲಿಪರಿನೊಳಗೆ ಒತ್ತಡ ಉಳಿದಿದೆಯೋ, ಅಥವಾ ಒತ್ತಡ ಹೋದರೂ ಪಿಸ್ಟನ್ ತುಕ್ಕು ಹಿಡಿದು ಕೂತಿದೆಯೋ? ಇದನ್ನು ತೀರ್ಮಾನಿಸಲು ಪೈಪ್ ಜೋಡಣೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ, ಕಾಲು ಸುತ್ತು ಸಡಿಲಿಸುತ್ತಾ ಬರಬೇಕು. ಕಣ್ಣಿಗೆ ಕನ್ನಡಕ, ಕೆಳಗೆ ಬಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ನೀರು. ಬ್ರೇಕ್ ದ್ರವ ಪೇಂಟನ್ನು ತಿಂದುಬಿಡುತ್ತದೆ, ಬಿದ್ದ ಕೂಡಲೇ ನೀರು ಸುರಿಯಬೇಕು.

ಪೆಡಲ್ ತುಳಿತವನ್ನು ದ್ರವದ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ ಸಡಿಲಿಸಿದಾಗ ಸ್ವಲ್ಪ ದ್ರವ ಚಿಮ್ಮಿತು. ಎಡಚಕ್ರ ಹಗುರಾಯಿತು, ಬಲಚಕ್ರ ಇಲ್ಲ. ಮತ್ತೆ ಬಿಗಿದು, ಬಲಗಡೆ ಲೋಹದ ಪೈಪು ರಬ್ಬರ್ ಹೋಸಿಗೆ ಸೇರುವ ಕಡೆ ಸಡಿಲಿಸಿದ್ದು. ಎರಡು ಹನಿ, ಅಷ್ಟೇ. ಚಕ್ರ ಇನ್ನೂ ಬಿಗಿ. ಕೊನೆಗೆ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್ (ದ್ರವದೊಳಗಿನ ಗಾಳಿ ಹೊರಬಿಡುವ ತಿರುಪು): ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ದ್ರವ ಚಿಮ್ಮಿ ಚಕ್ರ ಬಿಟ್ಟಿತು.

ಅಂದರೆ ಪಿಸ್ಟನ್ ಹಿಡಿದಿಲ್ಲ. ಹಿಡಿದಿದ್ದರೆ ನಿಪ್ಪಲ್ ತೆರೆದರೂ ಚಕ್ರ ಬಿಡುತ್ತಿರಲಿಲ್ಲ. ಒತ್ತಡ ಸಿಕ್ಕಿಬಿದ್ದದ್ದು ಹೋಸಿನ ಮೇಲ್ತುದಿಗೂ ನಿಪ್ಪಲ್ಲಿಗೂ ನಡುವೆ. ಅಲ್ಲಿ ಇರುವುದು ಹೋಸ್ ಒಂದೇ. ಹಳೆಯ ಹೋಸಿನ ಒಳಪದರ ಊದಿ ಅಥವಾ ಕಿತ್ತು ಬಂದು ಕವಾಟದ ಹಾಗೆ ಕೆಲಸ ಮಾಡುತ್ತದೆ. ಪೆಡಲ್ ತುಳಿದಾಗ ಬರುವ ಒತ್ತಡ ದೊಡ್ಡದು, ಅದು ದ್ರವವನ್ನು ನುಗ್ಗಿಸುತ್ತದೆ. ಹಿಂತಿರುಗುವಾಗ ತಳ್ಳಲು ಇರುವುದು ಪಿಸ್ಟನ್ ಸೀಲಿನ ಸ್ಪ್ರಿಂಗ್‌ನಂಥ ಸಣ್ಣ ಎಳೆತ ಮಾತ್ರ, ಅದಕ್ಕೆ ದಾರಿ ಬಿಡುವುದಿಲ್ಲ. ಹೊರಗಿನಿಂದ ನೋಡಿದರೆ ಹೋಸ್ ಹೊಸದರಂತೆ ಕಪ್ಪಗೆ, ಬಿರುಕಿಲ್ಲದೆ ಇತ್ತು. ಕಳಚಿ ಬಾಯಲ್ಲಿ ಊದಿದರೆ ಗಾಳಿಯೇ ದಾಟದು.

ಹೊಸ ಹೋಸ್ ತರುವಾಗ ಒಂದು ಎಚ್ಚರ. ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಬ್ರೇಕ್ ಪೈಪ್ ನಟ್‌ಗಳು ಹೆಚ್ಚಾಗಿ ಎಂ10 (10 ಮಿ.ಮೀ. ವ್ಯಾಸ), 1 ಮಿ.ಮೀ. ಪಿಚ್ (ಎಳೆಗಳ ನಡುವಿನ ಅಂತರ). ಎಂಜಿಬಿಯದು ಇಂಚಿನ ಅಳತೆಯ ಎಳೆ, ಮೂರು ಎಂಟಾಂಶ ಇಂಚು ಯುಎನ್‌ಎಫ್: 9.5 ಮಿ.ಮೀ. ವ್ಯಾಸ, ಇಂಚಿಗೆ 24 ಎಳೆ. ಪಿಚ್ ಸುಮಾರು 1.06 ಮಿ.ಮೀ. ಆದ್ದರಿಂದ ಕಣ್ಣಿಗೆ ಎರಡೂ ಒಂದೇ. ಯುಎನ್‌ಎಫ್ ನಟ್ಟು ಎಂ10 ತೂತಿಗೆ ಆರಾಮವಾಗಿ ಹೋಗುತ್ತದೆ, ಬಿಗಿದಂತೆಯೂ ಅನ್ನಿಸುತ್ತದೆ, ಜೋರಾಗಿ ಬ್ರೇಕ್ ತುಳಿದ ದಿನ ಕಿತ್ತು ಬರುತ್ತದೆ. ಹಳೆಯದನ್ನೂ ಹೊಸದನ್ನೂ ಒಟ್ಟಿಗಿಟ್ಟು ಥ್ರೆಡ್ ಗೇಜ್ ಹಿಡಿಯದೆ ಕೊಳ್ಳಬಾರದು.

ಜೋಡಿಸುವಾಗ ಮೊದಲು ಕ್ಯಾಲಿಪರ್ ತುದಿ, ಹೊಸ ತಾಮ್ರದ ವಾಷರ್ ಜೊತೆ. ಆಮೇಲೆ ಬ್ರಾಕೆಟ್ ತುದಿ, ಹೋಸಿನ ಷಡ್ಭುಜವನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದುಕೊಂಡೇ ನಟ್ ಬಿಗಿಯುವುದು. ಇಲ್ಲದಿದ್ದರೆ ಹೋಸ್ ತಿರುಚಿಕೊಳ್ಳುತ್ತದೆ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ತಾಗದೆಂದು ನೋಡಿ, ಬ್ಲೀಡ್ ಮಾಡಿ ಮುಗಿಸಿದ್ದು.

18 ಜನವರಿ, ಶನಿವಾರ

ಕೆಲಸ ಮುಗಿದಿರಲಿಲ್ಲ. ಮಾಸ್ಟರ್ ನಟ್ ಸಡಿಲಿಸಿದಾಗ ಎಡಚಕ್ರವೂ ಹಗುರಾದದ್ದು ಹೋದ ವಾರವೇ ಸಿಕ್ಕ ಸುಳಿವು. ಹೊಸ ಹೋಸ್ ಹಾಕಿದ ಮೇಲೆ ಎಡಬಲದ ವ್ಯತ್ಯಾಸ ಹೋಯಿತು. ಆದರೆ 18 ಕಿ.ಮೀ. ಆದ ಮೇಲೆ ಪೆಡಲ್ ಮೇಲಕ್ಕೇರಿ ಕಲ್ಲಿನಂತೆ ಗಟ್ಟಿಯಾಗಿ, ನಾಲ್ಕೂ ಚಕ್ರ ಒಟ್ಟಿಗೆ ಹಿಡಿಯತೊಡಗಿದವು. ಇನ್ನೂ ಒಂದು ಗುರುತು: ಕಾಲು ತೆಗೆದರೂ ಹಿಂದಿನ ಬ್ರೇಕ್ ದೀಪ ಆರಲಿಲ್ಲ. ಈ ಕಾಲದ ಎಂಜಿಬಿಯಲ್ಲಿ ದೀಪದ ಸ್ವಿಚ್ ಪೆಡಲಿನಲ್ಲಿಲ್ಲ, ಪೈಪಿನಲ್ಲಿದೆ. ದ್ರವದ ಒತ್ತಡವೇ ಅದನ್ನು ಒತ್ತುತ್ತದೆ. ದೀಪ ಉರಿಯುತ್ತಿದ್ದರೆ ಪೈಪಿನಲ್ಲಿ ಸಾಕಷ್ಟು ಒತ್ತಡ ಉಳಿದಿದೆ ಎಂದೇ ಅರ್ಥ. ಆರಿದ್ದರೆ ಒತ್ತಡವೇ ಇಲ್ಲ ಎನ್ನಲಾಗದು, ಸಣ್ಣ ಒತ್ತಡಕ್ಕೆ ಅದು ಹತ್ತುವುದಿಲ್ಲ.

ಒಂದು ಚಕ್ರ ಹಿಡಿದರೆ ಆ ಚಕ್ರದ ಹೋಸ್, ಕ್ಯಾಲಿಪರ್. ಒಂದೇ ಸರ್ಕ್ಯೂಟಿನ ಗಾಡಿಯಲ್ಲಿ ನಾಲ್ಕೂ ಹಿಡಿದರೆ ಮಾಸ್ಟರ್ ಸಿಲಿಂಡರ್ ಅಥವಾ ಪೆಡಲ್.

ಮಾಸ್ಟರಿನಲ್ಲಿ ನೋಡಬೇಕಾದ ಜಾಗ ಸೂಜಿಮೊನೆಯಷ್ಟು. ಪೆಡಲ್ ಪೂರ್ತಿ ಬಿಟ್ಟಾಗ ಪಿಸ್ಟನ್ನಿನ ರಬ್ಬರ್ ಕಪ್ ಹಿಂದೆ ಸರಿದು, ರಿಸರ್ವಾಯರಿಗೆ (ದ್ರವದ ತೊಟ್ಟಿಗೆ) ಹೋಗುವ ಒಂದು ಸಣ್ಣ ತೂತನ್ನು ತೆರೆದಿಡಬೇಕು. ಬಿಸಿಗೆ ಹಿಗ್ಗಿದ ದ್ರವ ವಾಪಸು ಹೋಗುವುದು ಅದೊಂದರಿಂದಲೇ. ಅದು ಮುಚ್ಚಿದರೆ ಹಿಗ್ಗಿದ ದ್ರವ ಪ್ಯಾಡನ್ನು ಒತ್ತುತ್ತದೆ, ಪ್ಯಾಡ್ ಉಜ್ಜಿ ಬಿಸಿ ಹೆಚ್ಚುತ್ತದೆ, ದ್ರವ ಇನ್ನಷ್ಟು ಹಿಗ್ಗುತ್ತದೆ. ಹೀಗೇ ಬಿಟ್ಟರೆ ದ್ರವ ಕುದಿದು ಆವಿಯಾಗಿ, ಕಲ್ಲಿನಂತಿದ್ದ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಶೇ. 3.7ರಷ್ಟು ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ.

ತೂತು ಮುಚ್ಚಲು ಎರಡು ದಾರಿ. ಪೆಡಲ್ ಪೂರ್ತಿ ಹಿಂದೆ ಬರದೆ ಪಿಸ್ಟನ್ ಮುಂದೆಯೇ ನಿಂತಿರಬಹುದು. ಅದಕ್ಕೆ ಕೈಯಿಂದ ಪೆಡಲ್ ಒತ್ತಿ ನೋಡಿದ್ದು: ಪೆಡಲಿನ ಕಾಲಿಡುವ ತುದಿಯಲ್ಲಿ 3 ಮಿ.ಮೀ. ಸಡಿಲ ಆಟ ಇದೆ, ಇರಬೇಕಾದಷ್ಟೇ. ರಿಟರ್ನ್ ಸ್ಪ್ರಿಂಗ್ ಸರಿ, ಪೆಡಲ್ ಬುಷ್ ಬಿಗಿಯಾಗಿಲ್ಲ. (ಮುಂದಿನ ಮಾಡೆಲ್‌ಗಳಲ್ಲಿ ದೀಪದ ಸ್ವಿಚ್ ಪೆಡಲ್ ಬಳಿ ಬಂತು, ಅದನ್ನು ಅತಿಯಾಗಿ ಒಳಗೆ ತಿರುಗಿಸಿ ಪೆಡಲನ್ನೇ ಒತ್ತಿಹಿಡಿದ ಗಾಡಿಗಳಿಗೂ ಇದೇ ರೋಗ.) ಎರಡನೆಯದು, ತೂತಿಗೆ ಕಸ ಸಿಕ್ಕಿರುವುದು ಅಥವಾ ಕಪ್ ಊದಿರುವುದು. ಮುಚ್ಚಳ ತೆಗೆದು ಇನ್ನೊಬ್ಬರಿಂದ ಪೆಡಲನ್ನು ಮೆಲ್ಲಗೆ ಒತ್ತಿಸಿದರೆ, ಮೊದಲ ಅರ್ಧ ಇಂಚಿನೊಳಗೆ ದ್ರವದ ಮೇಲೆ ಒಂದು ಸಣ್ಣ ಬುಗ್ಗೆ ಏಳಬೇಕು. ಏಳಲಿಲ್ಲ.

ಮುಚ್ಚಳದ ರಬ್ಬರ್ ವಾಷರ್ ನೋಡಿದಾಗ ಕಾರಣ ಹೊಳೆಯಿತು. ಚಪ್ಪಟೆ ಇರಬೇಕಾದದ್ದು ಹಪ್ಪಳದ ಹಾಗೆ ಅಲೆಅಲೆಯಾಗಿ ಉಬ್ಬಿತ್ತು. ರಿಸರ್ವಾಯರಿನಿಂದ ಎರಡು ಚಮಚ ದ್ರವ ತೆಗೆದು ಗಾಜಿನ ಬಾಟಲಿಯಲ್ಲಿ ನೀರಿನ ಜೊತೆ ಕಲಕಿ ಇಟ್ಟದ್ದು. ಡಾಟ್ 3, ಡಾಟ್ 4 ನೀರಿನಲ್ಲಿ ಪೂರ್ತಿ ಕರಗುತ್ತವೆ. ಹತ್ತು ನಿಮಿಷದ ಮೇಲೆ ನೀರಿನ ಮೇಲೆ ತೆಳುವಾದ ಎಣ್ಣೆಪದರ ತೇಲುತ್ತಿತ್ತು. ಯಾರೋ ಇಂಜಿನ್ ಆಯಿಲ್ಲೋ ಪವರ್ ಸ್ಟಿಯರಿಂಗ್ ಆಯಿಲ್ಲೋ ಸುರಿದಿದ್ದಾರೆ.

ನಮ್ಮ ಗ್ಯಾರೇಜುಗಳ ಭಾಷೆಯ ಪಾಲೂ ಇದರಲ್ಲಿದೆ. ಎಲ್ಲರೂ ಕೇಳುವುದು "ಬ್ರೇಕ್ ಆಯಿಲ್". ಹೆಸರಿನಲ್ಲಿ ಮಾತ್ರ ಆಯಿಲ್. ವಸ್ತು ಗ್ಲೈಕಾಲ್ ಜಾತಿಯದು, ಎಣ್ಣೆಯೇ ಅಲ್ಲ. ಬ್ರೇಕಿನ ರಬ್ಬರಿಗೆ ಖನಿಜ ತೈಲ ವಿಷ. ಕುಡಿದು ಊದಿ ಮೆತ್ತಗಾಗುತ್ತದೆ. ಹೋಸಿನ ಒಳಪದರ ಮುಚ್ಚಿದ್ದಕ್ಕೂ, ಕಪ್ ತೂತಿನ ಮೇಲೆ ಬಂದು ಕೂತದ್ದಕ್ಕೂ ಇದೇ ಮೂಲ.

19 ಜನವರಿ, ಭಾನುವಾರ

ಎಣ್ಣೆ ಸೇರಿದ ಮೇಲೆ ಅರ್ಧ ಕೆಲಸ ಮಾಡುವಂತಿಲ್ಲ. ದ್ರವ ಬದಲಾಯಿಸಿದರೆ ಸಾಲದು, ಅದು ಮುಟ್ಟಿದ ಪ್ರತಿ ರಬ್ಬರೂ ಹೋಗಬೇಕು. ಪಟ್ಟಿ: ಮಾಸ್ಟರ್ ಕಿಟ್ ಒಂದು, ಕ್ಯಾಲಿಪರ್ ಸೀಲ್ ಕಿಟ್ ಎರಡು, ಹಿಂದಿನ ವೀಲ್ ಸಿಲಿಂಡರ್ ಕಿಟ್ ಎರಡು, ಉಳಿದ ಎರಡು ಹೋಸ್ (ಮುಂದಿನ ಎಡ, ಹಿಂದಿನ ಆಕ್ಸಲಿನದು), ದೀಪದ ಸ್ವಿಚ್, ಮುಚ್ಚಳದ ವಾಷರ್. ಕಳೆದ ವಾರ ಹಾಕಿದ ಹೋಸ್ ಕೂಡ ಅದೇ ದ್ರವದಲ್ಲಿ ಓಡಿದೆ, ಅದೂ ಹೋಯಿತು. ನೀರಿನ ಪರೀಕ್ಷೆ ಮೊದಲ ದಿನವೇ ಮಾಡಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಕ್ಲಚ್ಚಿಗೂ ಇದೇ ದ್ರವ. ಅದೇ ಡಬ್ಬಿಯಿಂದ ಅಲ್ಲಿಗೂ ಸುರಿದಿರುತ್ತಾರೆ ಎಂದು ಬಾಟಲಿ ಪರೀಕ್ಷೆ ಮಾಡಿದ್ದು; ಅಲ್ಲಿ ಎಣ್ಣೆಪದರ ಕಾಣಲಿಲ್ಲ.

ಕ್ಯಾಲಿಪರನ್ನು ಎರಡು ಹೋಳು ಮಾಡಲಿಲ್ಲ, ಮಾಡುವ ಅಗತ್ಯವಿಲ್ಲ. ಮಾಸ್ಟರ್ ಬಿಚ್ಚುವ ಮೊದಲೇ, ಒಂದು ಪಿಸ್ಟನ್ನಿಗೆ ಜಿ-ಕ್ಲಾಂಪ್ ಹಾಕಿ ಪೆಡಲ್ ಒತ್ತುತ್ತಾ ಇನ್ನೊಂದನ್ನು ಹೊರತಂದದ್ದು. ಗಾಳಿಯ ಕಂಪ್ರೆಸರಿಗಿಂತ ಇದು ಕ್ಷೇಮ, ಗಾಳಿಗೆ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಜಜ್ಜುತ್ತದೆ. ಪಿಸ್ಟನ್ನಿನ ಕ್ರೋಮ್ ಪದರದಲ್ಲಿ ತುಕ್ಕಿನ ಗುಳಿ ಇದ್ದರೆ ಸೀಲ್ ಹೊಸದಾದರೂ ಉಪಯೋಗವಿಲ್ಲ. ಹಳೆಯ ಪ್ಯಾಡ್ ಸವೆದಾಗ ಪಿಸ್ಟನ್ ಹೊರಗೆ ನಿಂತು ಅಂಚಿಗೆ ತುಕ್ಕು ಹಿಡಿದಿರುತ್ತದೆ. ಹೊಸ ಪ್ಯಾಡ್ ಹಾಕಲು ಒಳದಬ್ಬಿದಾಗ ಆ ತುಕ್ಕು ಸೀಲಿನೊಳಕ್ಕೆ ಹೋಗುತ್ತದೆ. "ಹೊಸ ಪ್ಯಾಡ್ ಹಾಕಿದ ಮೇಲೇ ಹಿಡಿಯೋಕೆ ಶುರುವಾಯ್ತು" ಎನ್ನುವವರ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಈ ಗಾಡಿಯ ನಾಲ್ಕೂ ಪಿಸ್ಟನ್ ನುಣುಪಾಗಿದ್ದವು.

ಪೈಪು, ಬೋರ್ ತೊಳೆಯಲು ಐಸೊಪ್ರೊಪೈಲ್ ಆಲ್ಕೋಹಾಲ್. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಮುಟ್ಟಬಾರದು, ಅದು ಮತ್ತೆ ಅದೇ ವಿಷ. ಮಾಸ್ಟರಿನ ಸಣ್ಣ ತೂತಿಗೆ ಗಿಟಾರಿನ ತೆಳು ತಂತಿ ತೂರಿಸಿದ್ದು. ಡ್ರಿಲ್ ಹಾಕಿ ದೊಡ್ಡದು ಮಾಡಿದರೆ ಅದರ ಅಂಚೇ ಕಪ್ಪನ್ನು ಕತ್ತರಿಸುತ್ತದೆ. ಸೀಲ್ ಕೂರಿಸಲು ಹೊಸ ಬ್ರೇಕ್ ದ್ರವ ಸಾಕು, ಗ್ರೀಸ್ ಬೇಕಾದರೆ ಕೆಂಪು ರಬ್ಬರ್ ಗ್ರೀಸ್ ಮಾತ್ರ.

ಪ್ಯಾಡಿನ ಬೆನ್ನುತಟ್ಟೆಯ ಅಂಚಿಗೆ ಬಣ್ಣ ದಪ್ಪವಾಗಿತ್ತು. ಕ್ಯಾಲಿಪರಿನಲ್ಲಿ ಪ್ಯಾಡ್ ತನ್ನ ತೂಕಕ್ಕೇ ಜಾರಬೇಕು. ಜಾರುವಷ್ಟು ಫೈಲ್ ಮಾಡಿದ್ದು. ಮುಂದಿನ ಹಬ್ಬಿನ ನಟ್ 54 ನ್ಯೂಟನ್ ಮೀಟರಿಗೆ ಬಿಗಿದು, ಸ್ಪ್ಲಿಟ್ ಪಿನ್ ತೂತು ಸಿಗುವವರೆಗೆ ಮುಂದೆ ತಿರುಗಿಸಿ, 95 ದಾಟದಂತೆ ನೋಡಿದ್ದು. ಡಯಲ್ ಗೇಜಿನಲ್ಲಿ ಆಟ 0.08. ಆಮೇಲೆ ಡಿಸ್ಕಿನ ಓಲಾಟ: 0.06 ಮಿ.ಮೀ., ಪರವಾಗಿಲ್ಲ. ಈ ಕ್ರಮ ಮುಖ್ಯ. ಬೇರಿಂಗ್ ಸಡಿಲವಿದ್ದಾಗ ಅಳೆದರೆ ಒಳ್ಳೆಯ ಡಿಸ್ಕೂ ಸೊಟ್ಟಗೆ ಕಾಣುತ್ತದೆ.

ಸೀಲು ಒಡೆಯದ ಡಾಟ್ 4, 500 ಮಿ.ಲೀ. ಬಾಟಲಿ ಎರಡು. ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ ಬ್ಲೀಡಿಂಗ್. ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಇಡುವುದಿಲ್ಲ, ಬಾಟಲಿಯಲ್ಲೂ ಅದು ತೇವ ಹೀರುತ್ತದೆ.

26 ಜನವರಿ, ಭಾನುವಾರ

ಮತ್ತೆ ನಂದಿಯ ಏರು. ಮೇಲೆ: ಮುಂದಿನ ಎಡ 58, ಬಲ 60. ಹಿಂದೆ 40, 41. ದೀಪ ಆರಿದೆ, ಪೆಡಲ್ ಆಟ 3 ಮಿ.ಮೀ. ಹಾಗೇ ಇದೆ. ಎತ್ತಿ ತಿರುಗಿಸಿದರೆ ಎರಡೂ ಮುಂದಿನ ಚಕ್ರ ಪ್ಯಾಡಿನ ಸಣ್ಣ ಸರಸರ ಸದ್ದಿನೊಂದಿಗೆ ಒಂದು ಸುತ್ತು ತಾವೇ ಹೋಗುತ್ತವೆ. ಡಿಸ್ಕಿಗೆ ಅಷ್ಟು ತಾಗುವುದು ಸಹಜ.

ರಿಸರ್ವಾಯರಿನ ಕುತ್ತಿಗೆಗೆ ಒಂದು ಚೀಟಿ ಕಟ್ಟಿದ್ದು: "ಡಾಟ್ 4 ಮಾತ್ರ. ಬೇರೆ ಯಾವ ಆಯಿಲ್ಲೂ ಹಾಕಬೇಡಿ. ಮುಂದಿನ ಬದಲಾವಣೆ ಜನವರಿ 2027."